ಟಾರ್ಟ್ ತಾತಾಂ: ಮಗುಚಿ ನೋಡಬೇಕಾದ ಸಿಹಿ



"ಹಣ್ಣಿಂದೇ ಅಲ್ವಾ, ಏನೂ ಆಗಲ್ಲ" ಎನ್ನುತ್ತ ಬೇಕರಿಯಿಂದ ಸೇಬಿನ ಟಾರ್ಟ್ ತಂದು ತಿನ್ನುವವರು ನಮ್ಮಲ್ಲಿ ಬಹಳ ಮಂದಿ. ಅಂಥ ಒಂದು ಸಿಹಿಯ ಚರಿತ್ರೆ ಇವತ್ತು ಕೇಳೋಣ. ಇದರ ಹೆಸರು ಟಾರ್ಟ್ ತಾತಾಂ, ಊರು ಫ್ರಾನ್ಸ್.

ಬಾಣಲೆಯಲ್ಲಿ ಬೆಣ್ಣೆ, ಸಕ್ಕರೆ ಕರಗಿಸಿ, ಸೇಬಿನ ಹೋಳುಗಳನ್ನು ಒತ್ತಾಗಿ ಜೋಡಿಸಿ, ಮೇಲೆ ಮೈದಾ ಹಿಟ್ಟಿನ ಹಾಳೆ ಮುಚ್ಚಿ ಓವನ್‌ನಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ತಟ್ಟೆಗೆ ಮಗುಚಿದರೆ ಕಂದು ಬಣ್ಣದ ಸೇಬು ಮೇಲೆ, ಗರಿಗರಿ ಹಿಟ್ಟು ಕೆಳಗೆ!

ಪ್ಯಾರಿಸ್ಸಿನ ದಕ್ಷಿಣಕ್ಕೆ, ಸೊಲೋನ್ಯ ಎಂಬ ಕಾಡುಸೀಮೆಯಲ್ಲಿ ಲಾಮೊತ್ ಬೊವ್ರೋಂ ಎಂಬ ಪುಟ್ಟ ಊರಿದೆ. ಅಲ್ಲಿನ ರೈಲು ನಿಲ್ದಾಣದ ಎದುರಿನ ಹೋಟೆಲನ್ನು 19ನೇ ಶತಮಾನದ ಕೊನೆಯಲ್ಲಿ ತಾತಾಂ ಮನೆತನದ ಅಕ್ಕತಂಗಿಯರು ನಡೆಸುತ್ತಿದ್ದರು. ಅಕ್ಕ ಸ್ಟೆಫಾನಿಯದು ಅಡುಗೆಮನೆ, ತಂಗಿ ಕ್ಯಾರೋಲಿನ್‌ಳದು ಗಿರಾಕಿಗಳ ಉಪಚಾರ. ಬೇಟೆಗೆ ಬರುವವರೇ ಅವರ ಮುಖ್ಯ ಗಿರಾಕಿಗಳು.

ಕೆಲಸದ ಗಡಿಬಿಡಿಯಲ್ಲಿ ಸ್ಟೆಫಾನಿ ಹಿಟ್ಟು ಹಾಕುವುದನ್ನೇ ಮರೆತು, ಆಮೇಲೆ ಮೇಲಿಂದ ಮುಚ್ಚಿದಳು, ಆ ಎಡವಟ್ಟಿನಿಂದಲೇ ಈ ತಿಂಡಿ ಹುಟ್ಟಿತು ಎಂದು ಕಥೆ ಹೇಳುತ್ತಾರೆ. ಕೇಳಲು ಸೊಗಸು, ಆದರೆ ನಂಬುವುದು ಕಷ್ಟ. ಏಕೆಂದರೆ 1833ರಲ್ಲೇ ತೀರಿಕೊಂಡ ಹೆಸರಾಂತ ಬಾಣಸಿಗ ಕರೆಮ್‌ನ ಪುಸ್ತಕದಲ್ಲೇ ಹಣ್ಣಿಟ್ಟು ಮಗುಚುವ ಸಿಹಿಗಳ ಪ್ರಸ್ತಾಪವಿದೆ. ಮಗುಚುವುದರಲ್ಲಿ ಜಾಣತನವೂ ಇದೆ. ಬೇಯುವಾಗ ಹಿಟ್ಟು ಮೇಲಿರುವುದರಿಂದ ಹಣ್ಣಿನ ರಸದಲ್ಲಿ ನೆನೆದು ಮೆತ್ತಗಾಗುವುದಿಲ್ಲ.

ಇನ್ನೊಂದು ಕಥೆ ಕೇಳಿ. ಪ್ಯಾರಿಸ್ಸಿನ ಮ್ಯಾಕ್ಸಿಮ್ಸ್ ಹೋಟೆಲಿನ ಲೂಯಿ ವೋದಾಬ್ಲ್, ತಾನು ತೋಟದ ಮಾಲಿಯ ವೇಷದಲ್ಲಿ ಆ ಸೋದರಿಯರಲ್ಲಿ ಕೆಲಸಕ್ಕೆ ಸೇರಿ ಗುಟ್ಟು ತಿಳಿದೆ ಎನ್ನುತ್ತಿದ್ದ. ಅವನು ಹುಟ್ಟಿದ್ದು 1902ರಲ್ಲಿ. ಕ್ಯಾರೋಲಿನ್ 1911ರಲ್ಲಿ, ಸ್ಟೆಫಾನಿ 1917ರಲ್ಲಿ ತೀರಿಕೊಂಡರು. ಅವರು ಹೋಟೆಲ್ ಬಿಟ್ಟು ವಿಶ್ರಾಂತಿಗೆ ಸರಿದಾಗ ಈ 'ಮಾಲಿ' ಇನ್ನೂ ಪುಟ್ಟ ಹುಡುಗ! ಒಬ್ಬ ಹೆಂಗಸಿನ ಕೈಗುಣಕ್ಕೆ ಒಂದು ಕಥೆ 'ಮರೆವು' ಎಂದಿತು, ಇನ್ನೊಂದು ಅದರ ಕೀರ್ತಿಯಲ್ಲಿ ಪಾಲು ಕೇಳಿತು. ಆದರೂ 1926ರಲ್ಲಿ ಆಹಾರ ಬರಹಗಾರ ಕುರ್ನಾನ್ಸ್ಕಿ ಈ ಸಿಹಿಯನ್ನು ತಾತಾಂ ಸೋದರಿಯರ ಹೆಸರಿನಲ್ಲೇ ಪರಿಚಯಿಸಿದ್ದರಿಂದ ಹೆಸರು ಉಳಿಯಿತು.

ಈಗ "ಹಣ್ಣಿಂದೇ ಅಲ್ವಾ" ಎಂಬ ಮಾತಿನ ಲೆಕ್ಕ ನೋಡೋಣ. ಸಿಪ್ಪೆ ತೆಗೆದ 1 ಕಿಲೋ ಸೇಬು, 150 ಗ್ರಾಂ ಸಕ್ಕರೆ, 150 ಗ್ರಾಂ ಬೆಣ್ಣೆ, 200 ಗ್ರಾಂ ಮೈದಾ ಹಾಕಿದರೆ ಒಟ್ಟು ಸುಮಾರು 2900 ಕ್ಯಾಲೊರಿ. ಅದರಲ್ಲಿ ಸೇಬಿನ ಪಾಲು 500 ಮಾತ್ರ, ಬೆಣ್ಣೆಯದು 1000ಕ್ಕೂ ಹೆಚ್ಚು! ಎಂಟು ತುಂಡು ಮಾಡಿದರೆ ತಲಾ 360. ಸಿಪ್ಪೆಯೊಡನೆ ನಾರಿನ ಒಂದಷ್ಟು ಪಾಲೂ ಹೋಯಿತು. ಒಂದು ಸಾಧಾರಣ ಸೇಬನ್ನು ಹಾಗೇ ಕಚ್ಚಿ ತಿಂದರೆ 95 ಕ್ಯಾಲೊರಿ ಅಷ್ಟೆ.

ಹಾಗಂತ ತಿನ್ನಬೇಡಿ ಎನ್ನುತ್ತಿಲ್ಲ. ಹಬ್ಬದ ಹೋಳಿಗೆಯ ಹಾಗೆ ಇದನ್ನೂ ಸಿಹಿಯೆಂದೇ ತಿನ್ನಿ, ಹಣ್ಣೆಂದಲ್ಲ. ತಿನ್ನುವಾಗ ಸ್ಟೆಫಾನಿಯನ್ನು ಒಮ್ಮೆ ನೆನೆಯಿರಿ.