ಯುರೋಪಿನ ಕ್ಲಬ್ ಹ್ಯಾಂಡ್‌ಬಾಲ್: ಚಾಂಪಿಯನ್ಸ್ ಲೀಗ್‌ನ ನಾಕೌಟ್ ಸುತ್ತುಗಳು

ಯುರೋಪಿನ ಪುರುಷರ ಕ್ಲಬ್ ಹ್ಯಾಂಡ್‌ಬಾಲ್‌ನಲ್ಲಿ ಅತ್ಯುನ್ನತ ಸ್ಪರ್ಧೆಯೆಂದರೆ ಯುರೋಪಿಯನ್ ಹ್ಯಾಂಡ್‌ಬಾಲ್ ಫೆಡರೇಷನ್ ನಡೆಸುವ ಚಾಂಪಿಯನ್ಸ್ ಲೀಗ್. ಗುಂಪು ಹಂತ ಮುಗಿದ ಮೇಲೆ ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ ಎಂಬ ಲೆಕ್ಕದಲ್ಲಿ ಸಾಗುವ ಪಂದ್ಯಗಳೇ ಅದರ ನಾಕೌಟ್ ಸುತ್ತುಗಳು. ಪ್ಲೇಆಫ್, ಕ್ವಾರ್ಟರ್‌ಫೈನಲ್ ಮತ್ತು ‘ಫೈನಲ್ ಫೋರ್’ ಎಂದು ಕರೆಯುವ ಕೊನೆಯ ವಾರಾಂತ್ಯ ಇವುಗಳಲ್ಲಿ ಸೇರಿವೆ. ಈ ಸುತ್ತುಗಳ ಸ್ವರೂಪ 1957ರಿಂದ ಹಲವು ಸಲ ಬದಲಾಗಿದೆ. ಆ ಬದಲಾವಣೆಗಳ ಹಿಂದೆ ಇರುವುದು ಒಂದೇ ಪ್ರಶ್ನೆ: ಚಾಂಪಿಯನ್ ಯಾರೆಂಬುದನ್ನು ಎರಡೂ ಊರುಗಳಲ್ಲಿ ಆಡಿ ನಿರ್ಧರಿಸಬೇಕೋ, ಇಬ್ಬರಿಗೂ ಸೇರದ ಅಂಗಳದಲ್ಲಿ ಒಂದೇ ಪಂದ್ಯದಲ್ಲಿ ಮುಗಿಸಬೇಕೋ?

ಇಷ್ಟು ದೊಡ್ಡ ಪ್ರಶ್ನೆಯಾಗಲು ಆಟದ ಗುಣವೇ ಕಾರಣ. ಹ್ಯಾಂಡ್‌ಬಾಲ್ ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಗೋಲ್‌ಕೀಪರ್ ಸೇರಿ ತಂಡಕ್ಕೆ ಏಳು ಮಂದಿ, ಅರ್ಧ ಗಂಟೆಯ ಎರಡು ಅವಧಿಗಳು. ಒಂದು ಪಂದ್ಯದಲ್ಲಿ ಎರಡೂ ತಂಡಗಳಿಂದ ಐವತ್ತರಿಂದ ಅರವತ್ತು ಗೋಲು ಬೀಳುವುದು ಸಾಮಾನ್ಯ. ಫುಟ್‌ಬಾಲ್‌ನಲ್ಲಿ ಮೂರು ಗೋಲುಗಳ ಹಿನ್ನಡೆ ಹೆಚ್ಚುಕಡಿಮೆ ಸೋಲೇ ಸರಿ. ಇಲ್ಲಿ ಐದು, ಆರು, ಎಂಟು ಗೋಲುಗಳ ಅಂತರವನ್ನೂ ಮುಂದಿನ ವಾರ ತವರಿನಲ್ಲಿ ತೀರಿಸಬಹುದು. ಹಾಗಾಗಿ ಎರಡು ಪಂದ್ಯಗಳ ಗೋಲುಗಳನ್ನು ಕೂಡಿ ಫಲಿತಾಂಶ ಹೇಳುವ ಪದ್ಧತಿಯಲ್ಲಿ ಸೋಲುತ್ತಿರುವ ತಂಡಕ್ಕೂ ಕೊನೆಯ ಕ್ಷಣದವರೆಗೆ ಕೆಲಸವಿರುತ್ತದೆ. ಏಳು ಗೋಲುಗಳಿಂದ ಸೋಲುವುದಕ್ಕೂ ಐದರಿಂದ ಸೋಲುವುದಕ್ಕೂ ಅಜಗಜಾಂತರ.

ಸ್ಪರ್ಧೆಗೆ ಚಾಲನೆ ಸಿಕ್ಕಿದ್ದು ಫ್ರಾನ್ಸಿನ ಕ್ರೀಡಾ ಪತ್ರಿಕೆ ಲೆಕಿಪ್‌ನ ಉತ್ಸಾಹದಿಂದ. ಫುಟ್‌ಬಾಲ್‌ನ ಯುರೋಪಿಯನ್ ಕಪ್ ಹುಟ್ಟಿದ್ದೂ ಅದೇ ಪತ್ರಿಕೆಯ ಕಚೇರಿಯಲ್ಲಿ. 1956–57ರ ಮೊದಲ ಆವೃತ್ತಿಯ ಫೈನಲ್ ಪ್ಯಾರಿಸ್‌ನಲ್ಲಿ ನಡೆಯಿತು. ಪ್ರಾಗ್ ನಗರದ ಆಯ್ದ ತಂಡ ಸ್ವೀಡನ್ನಿನ ಎರೆಬ್ರೂ ತಂಡವನ್ನು 21–13ರಿಂದ ಸೋಲಿಸಿತು. ಆ ಕಾಲದಲ್ಲಿ ಗುಂಪು ಹಂತವೆಂಬುದೇ ಇರಲಿಲ್ಲ. ಮೊದಲ ಪಂದ್ಯದಿಂದಲೇ ನಾಕೌಟ್. ವಿಶ್ವ ಚಾಂಪಿಯನ್‌ಷಿಪ್ ನಡೆದ 1958, 1961 ಮತ್ತು 1964ರಲ್ಲಿ ಕ್ಲಬ್ ಸ್ಪರ್ಧೆಯನ್ನು ನಡೆಸಲೇ ಇಲ್ಲ. ದೇಶದ ತಂಡಕ್ಕೂ ಕ್ಲಬ್‌ಗೂ ಆಡುತ್ತಿದ್ದವರು ಅದೇ ಆಟಗಾರರು.

ಮೊದಲ ಎರಡು ದಶಕ ಫೈನಲ್ ಎಂದರೆ ಒಂದೇ ಪಂದ್ಯ. ಅದೂ ಬಹುಪಾಲು ಪ್ಯಾರಿಸ್, ಡಾರ್ಟ್‌ಮುಂಡ್, ಫ್ರಾಂಕ್‌ಫರ್ಟ್‌ನಂಥ ದೊಡ್ಡ ನಗರಗಳಲ್ಲಿ. ಅಂತರಗಳೂ ಕಿರಿದು. 1962ರಲ್ಲಿ ಪಶ್ಚಿಮ ಜರ್ಮನಿಯ ಫ್ರಿಷ್ ಆಫ್ ಗಪ್ಪಿಂಗನ್ ಯುಗೊಸ್ಲಾವಿಯಾದ ಪಾರ್ಟಿಜಾನ್ ಬ್ಯೆಲೊವಾರ್ ತಂಡವನ್ನು 13–11ರಿಂದ ಗೆದ್ದಿತು. 1965ರಲ್ಲಿ ಡಿನಾಮೊ ಬುಕಾರೆಸ್ಟ್, 1968ರಲ್ಲಿ ಸ್ಟೆವಾ ಬುಕಾರೆಸ್ಟ್ ಕೂಡ ಅದೇ 13–11ರಿಂದ ಕಪ್ ಎತ್ತಿದವು. ಇಂದಿನ ತಂಡಗಳು ಅರ್ಧ ಪಂದ್ಯದಲ್ಲಿ ಹೊಡೆಯುವಷ್ಟು ಗೋಲುಗಳನ್ನು ಅಂದು ಇಡೀ ಫೈನಲ್‌ನಲ್ಲಿ ಹೊಡೆಯುತ್ತಿದ್ದರು. ಈ ಅವಧಿಯ ದೊಡ್ಡ ಹೆಸರು ಪಶ್ಚಿಮ ಜರ್ಮನಿಯ ಸಣ್ಣ ಪಟ್ಟಣದ ಕ್ಲಬ್ ಗುಮ್ಮರ್ಸ್‌ಬಾಖ್. 1967, 1970, 1971, 1974 ಮತ್ತು 1983ರಲ್ಲಿ, ಒಟ್ಟು ಐದು ಸಲ ಅದು ಯುರೋಪಿನ ಚಾಂಪಿಯನ್. ಅದಕ್ಕೆ ಎದುರಾದವರು ಹೆಚ್ಚಾಗಿ ಪೂರ್ವ ಯುರೋಪಿನವರು: ಪ್ರಾಗ್‌ನ ಡುಕ್ಲಾ, ಬರ್ಲಿನ್‌ನ ಡೈನಮೊ, ಬುಕಾರೆಸ್ಟ್‌ನ ಸ್ಟೆವಾ, ಮಾಸ್ಕೋದ ಎಂಎಐ. ಶೀತಲ ಸಮರದ ಗಡಿಯ ಎರಡೂ ಬದಿಯ ಆಟಗಾರರು ನಿಯಮಿತವಾಗಿ ಮುಖಾಮುಖಿಯಾಗುತ್ತಿದ್ದ ಕೆಲವೇ ಅಂಗಳಗಳಲ್ಲಿ ಇದೂ ಒಂದಾಗಿತ್ತು.

1980ರ ದಶಕದಲ್ಲಿ ಫೈನಲ್ ಕೂಡ ಎರಡು ಪಂದ್ಯಗಳದ್ದಾಯಿತು. ಹೊಸ ಪದ್ಧತಿಯ ಕಠೋರತೆ 1984ರಲ್ಲಿ ಕಂಡಿತು. ಡುಕ್ಲಾ ಪ್ರಾಗ್ ಮತ್ತು ಸರ್ಬಿಯಾದ ಶಾಬಾತ್ಸ್ ಪಟ್ಟಣದ ಮೆಟಾಲೊಪ್ಲಾಸ್ಟಿಕಾ ತಂಡಗಳು ಎರಡು ಪಂದ್ಯಗಳ ಬಳಿಕವೂ ಸಮವಾಗಿ ನಿಂತವು. ಗೋಲ್‌ಕೀಪರ್ ಒಬ್ಬನನ್ನೇ ಎದುರಿಟ್ಟು ಏಳು ಮೀಟರ್ ಗೆರೆಯಿಂದ ಹೊಡೆಯುವ ಎಸೆತಗಳಲ್ಲಿ ಕಪ್ ಪ್ರಾಗ್‌ಗೆ ಹೋಯಿತು. ವೆಸೆಲಿನ್ ವುಯೊವಿಚ್, ಮಿಲೆ ಇಸಾಕೊವಿಚ್, ಗೋಲ್‌ಕೀಪರ್ ಮಿರ್ಕೊ ಬಾಶಿಚ್ ಅವರಿದ್ದ ಶಾಬಾತ್ಸ್ ತಂಡ ಆ ನೋವನ್ನು ಹೊತ್ತು ಕೂರಲಿಲ್ಲ, 1985 ಮತ್ತು 1986ರಲ್ಲಿ ಸಾಲಾಗಿ ಗೆದ್ದಿತು. ಸಾವಾ ನದಿಯ ದಂಡೆಯ ಆ ಪಟ್ಟಣವನ್ನು ಯುರೋಪ್ ಗುರುತಿಸಿದ್ದು ಹ್ಯಾಂಡ್‌ಬಾಲ್‌ನಿಂದಲೇ. ಬಳಿಕ ಸೋವಿಯತ್ ಕ್ಲಬ್‌ಗಳ ಸರದಿ. 1987ರಿಂದ 1990ರ ನಡುವೆ ಮಿನ್ಸ್ಕ್‌ನ ಎಸ್‌ಕೆಎ ಮೂರು ಸಲ ಚಾಂಪಿಯನ್ ಆಯಿತು.

1991ರ ನವೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಯುರೋಪಿಯನ್ ಹ್ಯಾಂಡ್‌ಬಾಲ್ ಫೆಡರೇಷನ್ ಸ್ಥಾಪನೆಯಾಯಿತು. ಕೇಂದ್ರ ಕಚೇರಿ ವಿಯೆನ್ನಾದಲ್ಲಿ. 1993–94ರಲ್ಲಿ ಸ್ಪರ್ಧೆಗೆ ಚಾಂಪಿಯನ್ಸ್ ಲೀಗ್ ಎಂಬ ಹೆಸರು ಬಂತು. ಮೊದಲ ಋತುವಿನಲ್ಲಿ ಎರಡು ಗುಂಪುಗಳ ಅಗ್ರಸ್ಥಾನಿಗಳು ನೇರವಾಗಿ ಫೈನಲ್ ಆಡಿದವು. ಸ್ಪೇನಿನ ಟೆಕಾ ಸಾಂಟಾಂಡೆರ್ ಪೋರ್ಚುಗಲ್ಲಿನ ಎಬಿಸಿ ಬ್ರಾಗಾ ತಂಡವನ್ನು ಸೋಲಿಸಿತು. ಗೆದ್ದ ತಂಡದಲ್ಲಿ ಕಿರ್ಗಿಸ್ತಾನದಲ್ಲಿ ಹುಟ್ಟಿದ ತಲಾಂತ್ ದುಯ್ಶೆಬಾಯೆವ್ ಇದ್ದರು. ಅವರ ಹೆಸರು ಈ ಇತಿಹಾಸದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆಲವೇ ವರ್ಷಗಳಲ್ಲಿ ಗುಂಪು ಹಂತದ ಮುಂದೆ ಕ್ವಾರ್ಟರ್‌ಫೈನಲ್, ಸೆಮಿಫೈನಲ್ ಸೇರಿಕೊಂಡು ಇಂದಿನ ಆಕಾರ ಮೂಡಿತು. 1996ರಿಂದ 2000ದವರೆಗೆ ಬಾರ್ಸಿಲೋನಾ ಸತತ ಐದು ಸಲ ಗೆದ್ದಿತು. ಆ ಸಾಲನ್ನು ಇನ್ನೊಂದು ಕ್ಲಬ್ ಈವರೆಗೆ ಸರಿಗಟ್ಟಿಲ್ಲ. ಇದೇ ಕಾಲದಲ್ಲಿ ಝಾಗ್ರೆಬ್ 1995, 1997, 1998, 1999ರ ಫೈನಲ್‌ಗಳಲ್ಲಿ ಸೋತಿತು.

ಎರಡು ಪಂದ್ಯಗಳ ಪದ್ಧತಿ ತನ್ನ ಪೂರ್ಣ ಶಕ್ತಿಯನ್ನು ತೋರಿಸಿದ್ದು 2000ದಿಂದ 2009ರ ನಡುವಿನ ಫೈನಲ್‌ಗಳಲ್ಲಿ. 2000ದಲ್ಲಿ ಜರ್ಮನಿಯ ಕೀಲ್‌ನಲ್ಲಿ 28–25ರಿಂದ ಸೋತಿದ್ದ ಬಾರ್ಸಿಲೋನಾ ತವರಿನಲ್ಲಿ 29–24ರಿಂದ ಗೆದ್ದು ಕಪ್ ಉಳಿಸಿಕೊಂಡಿತು. 2002ರಲ್ಲಿ ಹಂಗೆರಿಯ ವೆಸ್ಪ್ರೇಮ್‌ನಲ್ಲಿ ಎರಡು ಗೋಲುಗಳಿಂದ ಸೋತಿದ್ದ ಮ್ಯಾಗ್ಡೆಬುರ್ಗ್ ತನ್ನ ಊರಿನಲ್ಲಿ 30–25ರಿಂದ ಗೆದ್ದಿತು. ತರಬೇತುದಾರ ಐಸ್‌ಲ್ಯಾಂಡಿನ ಆಲ್ಫ್ರೆಡ್ ಗಿಸ್ಲಾಸನ್. ಚಾಂಪಿಯನ್ಸ್ ಲೀಗ್ ಎಂಬ ಹೆಸರು ಬಂದ ಮೇಲೆ ಜರ್ಮನ್ ಕ್ಲಬ್ಬೊಂದು ಗೆದ್ದದ್ದು ಅದೇ ಮೊದಲು.

2003ರ ಫೈನಲ್ ಇವೆಲ್ಲಕ್ಕಿಂತ ಎತ್ತರದಲ್ಲಿ ನಿಲ್ಲುತ್ತದೆ. ಪಾಂಪ್ಲೋನಾದಲ್ಲಿ ಪೋರ್ಟ್‌ಲ್ಯಾಂಡ್ ಸ್ಯಾನ್ ಆಂಟೋನಿಯೊ ಎದುರು ಮಾಂಪೆಲಿಯೇ 27–19ರಿಂದ ಸೋತಿತು. ಎಂಟು ಗೋಲು! ಫೈನಲ್ ಮುಗಿದಂತೆಯೇ ಎಂದು ಯಾರಾದರೂ ಅಂದುಕೊಂಡಿದ್ದರೆ ತಪ್ಪು ಹೇಳುವಂತಿರಲಿಲ್ಲ. ಆದರೆ ತವರಿಗೆ ಬಂದ ಫ್ರೆಂಚ್ ಕ್ಲಬ್ 31–19ರಿಂದ ಗೆದ್ದು ಒಟ್ಟು ಮೊತ್ತದಲ್ಲಿ ನಾಲ್ಕು ಗೋಲು ಮುಂದೆ ಹೋಯಿತು. ಹದಿಹರೆಯದ ನಿಕೋಲಾ ಕರಾಬಾಟಿಚ್ ಆ ತಂಡದಲ್ಲಿದ್ದರು. ಒಂದೇ ಪಂದ್ಯದ ಫೈನಲ್ ಆಗಿದ್ದರೆ ಇಂಥದ್ದೊಂದು ಘಟಿಸುವ ಅವಕಾಶವೇ ಇರುತ್ತಿರಲಿಲ್ಲ.

ತವರಿನ ಬಲವೇ ಎಲ್ಲವೂ ಎಂದೇನೂ ಅಲ್ಲ. 2008ರಲ್ಲಿ ಸ್ಪೇನಿನ ಸಿಯುದಾದ್ ರಿಯಾಲ್ ತನ್ನದೇ ಅಂಗಳದಲ್ಲಿ ಕೀಲ್‌ಗೆ 29–27ರಿಂದ ಸೋತು, ಸುಮಾರು ಹತ್ತು ಸಾವಿರ ಮಂದಿ ಕೂಗುವ ಕೀಲ್‌ನ ಅರೆನಾಕ್ಕೆ ಹೋಗಿ 31–25ರಿಂದ ಗೆದ್ದಿತು. ಮರುವರ್ಷ ಮತ್ತೆ ಅದೇ ಎರಡು ತಂಡಗಳು. ಕೀಲ್‌ನಲ್ಲಿ 39–34ರಿಂದ ಸೋತ ಸಿಯುದಾದ್ ರಿಯಾಲ್ ತವರಿನಲ್ಲಿ 33–27ರಿಂದ ಗೆದ್ದಿತು. ಒಟ್ಟು ಮೊತ್ತ 67–66. ಎರಡೂ ಸಲ ಗೆದ್ದ ತಂಡದ ತರಬೇತುದಾರ ದುಯ್ಶೆಬಾಯೆವ್. ಎರಡು ಪಂದ್ಯಗಳ ಫೈನಲ್ ಅಲ್ಲಿಗೆ ಕೊನೆಯಾಯಿತು. ಕೊನೆಯಾದದ್ದು ಒಂದೇ ಗೋಲಿನ ಅಂತರದಲ್ಲಿ.

2010ರಿಂದ ಸೆಮಿಫೈನಲ್ ಮತ್ತು ಫೈನಲ್‌ಗಳು ಜರ್ಮನಿಯ ಕೊಲೋನ್ ನಗರದ ಲ್ಯಾಂಕ್ಸೆಸ್ ಅರೆನಾದಲ್ಲಿ, ಶನಿವಾರ ಮತ್ತು ಭಾನುವಾರ ಎಂಬ ಎರಡೇ ದಿನಗಳಲ್ಲಿ ನಡೆಯುತ್ತಿವೆ. ಅಲ್ಲಿ ಸುಮಾರು ಇಪ್ಪತ್ತು ಸಾವಿರ ಪ್ರೇಕ್ಷಕರಿಗೆ ಜಾಗವಿದೆ. ನಾಲ್ಕು ಊರುಗಳ ಅಭಿಮಾನಿಗಳು ಒಂದೇ ಸೂರಿನಡಿ ಸೇರುತ್ತಾರೆ. ಪ್ರಾಯೋಜಕರಿಗೂ ಟಿವಿಯವರಿಗೂ ಋತುವಿನ ಅಂತ್ಯ ಎಲ್ಲಿ, ಯಾವಾಗ ಎಂದು ಮೊದಲೇ ಗೊತ್ತಿರುತ್ತದೆ. ಆಟಕ್ಕೆ ಇದರಿಂದ ಹಣ ಬಂತು, ಹೆಸರೂ ಬಂತು. ಹಾಗೆಯೇ ಆಟಗಾರರ ಮೈಮೇಲೆ ಭಾರವೂ ಬಿತ್ತು. ಶನಿವಾರ ಸಂಜೆ ಹೆಚ್ಚುವರಿ ಅವಧಿಯವರೆಗೆ ಆಡಿದವರು ಒಂದೇ ರಾತ್ರಿಯಲ್ಲಿ ಸುಧಾರಿಸಿಕೊಂಡು ಭಾನುವಾರ ಫೈನಲ್‌ಗೆ ಇಳಿಯಬೇಕು.

ಈ ಹೊಸ ಪದ್ಧತಿ ತನ್ನದೇ ದಂತಕತೆಗಳನ್ನು ಕೊಟ್ಟಿತು. 2010ರ ಮೊದಲ ಫೈನಲ್‌ನಲ್ಲಿ ಕೀಲ್ ಬಾರ್ಸಿಲೋನಾವನ್ನು 36–34ರಿಂದ ಗೆದ್ದಿತು. 2013ರಲ್ಲಿ ಹ್ಯಾಂಬುರ್ಗ್ ಹೆಚ್ಚುವರಿ ಅವಧಿಯಲ್ಲಿ ಬಾರ್ಸಿಲೋನಾವನ್ನು 30–29ರಿಂದ ಸೋಲಿಸಿತು. 2014ರಲ್ಲಿ ಫ್ಲೆನ್ಸ್‌ಬುರ್ಗ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನು ಏಳು ಮೀಟರ್ ಎಸೆತಗಳಲ್ಲಿ ದಾಟಿ, ಫೈನಲ್‌ನಲ್ಲಿ ನೆರೆಯ ಕೀಲ್ ಮೇಲೆ 30–28ರಿಂದ ಗೆದ್ದಿತು. 2017ರಲ್ಲಿ ಮ್ಯಾಸಿಡೋನಿಯಾದ ವಾರ್ದಾರ್ ಪರವಾಗಿ ಇವಾನ್ ಚುಪಿಚ್ ಕೊನೆಯ ಕ್ಷಣದಲ್ಲಿ ಹೊಡೆದ ಗೋಲು ಪ್ಯಾರಿಸ್ ಸೇಂಟ್ ಜರ್ಮೇನ್ ಅನ್ನು 24–23ರಿಂದ ಮಣಿಸಿತು. ನಾಲ್ಕರ ಘಟ್ಟಕ್ಕೆ ಮೂರು ಫ್ರೆಂಚ್ ಕ್ಲಬ್‌ಗಳು ಬಂದ 2018ರಲ್ಲಿ ಮಾಂಪೆಲಿಯೇ ನಾಂಟ್ ತಂಡವನ್ನು 32–27ರಿಂದ ಸೋಲಿಸಿತು.

ಆದರೆ ಕೊಲೋನ್ ಎಂದೊಡನೆ ಹ್ಯಾಂಡ್‌ಬಾಲ್ ಬಲ್ಲವರು ಮೊದಲು ನೆನೆಯುವುದು 2016ರ ಮೇ ತಿಂಗಳ ಭಾನುವಾರವನ್ನು. ಪೋಲೆಂಡಿನ ಕೀಲ್ಟ್ಸೆ ಎದುರು ವೆಸ್ಪ್ರೇಮ್ ಹದಿನಾಲ್ಕು ಹದಿನೈದು ನಿಮಿಷಗಳಷ್ಟೇ ಉಳಿದಿದ್ದಾಗ 28–19ರಿಂದ ಮುಂದಿತ್ತು. ಒಂಬತ್ತು ಗೋಲುಗಳ ಮುನ್ನಡೆ, ಹಂಗೆರಿಯ ಅಭಿಮಾನಿಗಳಿಂದ ಆಗಲೇ ಸಂಭ್ರಮ. ಅಲ್ಲಿಂದಾಚೆಗೆ ವೆಸ್ಪ್ರೇಮ್ ಒಂದೇ ಒಂದು ಗೋಲು ಹೊಡೆಯಿತು, ಕೀಲ್ಟ್ಸೆ ಹತ್ತು. ಪೂರ್ಣ ಅವಧಿಗೆ 29–29, ಹೆಚ್ಚುವರಿ ಅವಧಿಗೆ 35–35. ಏಳು ಮೀಟರ್ ಎಸೆತಗಳಲ್ಲಿ ನಿರ್ಣಾಯಕ ಗೋಲು ಹೊಡೆದವರು ಸ್ಪೇನಿನ ಹುಲೆನ್ ಅಗಿನಗಾಲ್ದೆ. ಅಂತಿಮ ಲೆಕ್ಕ 39–38. ಕೀಲ್ಟ್ಸೆಯ ಬೆಂಚಿನಲ್ಲಿ ಮತ್ತದೇ ದುಯ್ಶೆಬಾಯೆವ್. ವೆಸ್ಪ್ರೇಮ್ 2002, 2015, 2016, 2019 ಹೀಗೆ ನಾಲ್ಕು ಫೈನಲ್ ಆಡಿ ಒಂದನ್ನೂ ಗೆದ್ದಿಲ್ಲ. ನಾಕೌಟ್ ಪದ್ಧತಿ ಇಷ್ಟು ನಿರ್ದಯವಾಗಿ ನಡೆಸಿಕೊಂಡ ದೊಡ್ಡ ಕ್ಲಬ್ ಇನ್ನೊಂದಿಲ್ಲ ಎನ್ನಬಹುದು.

2020ರಲ್ಲಿ ಕೋವಿಡ್‌ನಿಂದಾಗಿ ನಾಕೌಟ್ ಸುತ್ತುಗಳೇ ರದ್ದಾದವು. ಗುಂಪು ಹಂತದ ಸ್ಥಾನಗಳ ಆಧಾರದಲ್ಲಿ ನಾಲ್ಕು ತಂಡಗಳನ್ನು ಆರಿಸಿ, ಡಿಸೆಂಬರ್ ಕೊನೆಯಲ್ಲಿ ಖಾಲಿ ಅರೆನಾದಲ್ಲಿ ಫೈನಲ್ ಫೋರ್ ನಡೆಸಲಾಯಿತು. ಕೀಲ್ ಬಾರ್ಸಿಲೋನಾವನ್ನು 33–28ರಿಂದ ಗೆದ್ದಿತು. 2020–21ರಿಂದ ಲೀಗ್ ಅನ್ನು ಹದಿನಾರು ತಂಡಗಳಿಗೆ ಇಳಿಸಿ, ತಲಾ ಎಂಟು ತಂಡಗಳ ಎರಡು ಗುಂಪುಗಳನ್ನು ಮಾಡಲಾಯಿತು. ಪ್ರತಿ ಗುಂಪಿನ ಮೊದಲ ಎರಡು ತಂಡಗಳಿಗೆ ನೇರ ಕ್ವಾರ್ಟರ್‌ಫೈನಲ್, ಮೂರರಿಂದ ಆರರವರೆಗಿನವರಿಗೆ ಪ್ಲೇಆಫ್. ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲುಗಳಿಗೆ ಹೆಚ್ಚು ಬೆಲೆ ಎಂಬ ಹಳೆಯ ನಿಯಮವನ್ನೂ ಮುಂದೆ ಕೈಬಿಡಲಾಯಿತು. ಅದರ ಪರಿಣಾಮ 2024ರ ಕ್ವಾರ್ಟರ್‌ಫೈನಲ್‌ನಲ್ಲಿ ಎದ್ದು ಕಂಡಿತು. ಕೀಲ್ಟ್ಸೆ ಮತ್ತು ಮ್ಯಾಗ್ಡೆಬುರ್ಗ್ ತಲಾ ಒಂದು ಗೋಲಿನಿಂದ ತವರಿನಲ್ಲಿ ಗೆದ್ದು ಸಮವಾದವು. ಹಳೆಯ ಲೆಕ್ಕದಲ್ಲಾಗಿದ್ದರೆ ಮ್ಯಾಗ್ಡೆಬುರ್ಗ್ ಅಷ್ಟಕ್ಕೇ ಮುಂದೆ ಹೋಗುತ್ತಿತ್ತು. ಹೊಸ ನಿಯಮದಂತೆ ಏಳು ಮೀಟರ್ ಎಸೆತಗಳವರೆಗೆ ಕಾದು ಗೆಲ್ಲಬೇಕಾಯಿತು. ಇದು ನ್ಯಾಯವಾದ ಬದಲಾವಣೆ. ಐವತ್ತು ಗೋಲು ಬೀಳುವ ಆಟದಲ್ಲಿ ಒಂದು ಗೋಲಿಗೆ ಎಲ್ಲಿ ಬಿತ್ತು ಎಂಬ ಕಾರಣಕ್ಕೆ ಹೆಚ್ಚು ತೂಕ ಕೊಡುವುದಕ್ಕೆ ಅರ್ಥವಿರಲಿಲ್ಲ.

ಮಹಿಳೆಯರ ಸ್ಪರ್ಧೆಯೂ ಇದೇ ಹಾದಿಯಲ್ಲಿ ನಡೆದು 2014ರಿಂದ ಬುಡಾಪೆಸ್ಟ್‌ನಲ್ಲಿ ಫೈನಲ್ ಫೋರ್ ನಡೆಸುತ್ತಿದೆ. ಮೊದಲ ವರ್ಷ ಗೆದ್ದದ್ದು ಹಂಗೆರಿಯದೇ ಕ್ಲಬ್ ಗ್ಯೋರ್.

ಇತ್ತೀಚಿನ ವರ್ಷಗಳು ಬಾರ್ಸಿಲೋನಾ ಮತ್ತು ಮ್ಯಾಗ್ಡೆಬುರ್ಗ್‌ನವು. 2022ರಲ್ಲಿ ಬಾರ್ಸಿಲೋನಾ ಕೀಲ್ಟ್ಸೆಯನ್ನು ಏಳು ಮೀಟರ್ ಎಸೆತಗಳಲ್ಲಿ ಸೋಲಿಸಿತು. 2023ರಲ್ಲಿ ಮ್ಯಾಗ್ಡೆಬುರ್ಗ್ ಹೆಚ್ಚುವರಿ ಅವಧಿಯಲ್ಲಿ ಅದೇ ಕೀಲ್ಟ್ಸೆ ಮೇಲೆ 30–29ರಿಂದ ಗೆದ್ದಿತು. ಸೆಮಿಫೈನಲ್‌ನಲ್ಲಿ ಭುಜದ ಕೀಲು ತಪ್ಪಿದ್ದ ಗಿಸ್ಲಿ ಕ್ರಿಸ್ಟ್ಯಾನ್ಸನ್ ಮರುದಿನವೇ ಆಡಿದ್ದರು. 2024ರಲ್ಲಿ ಬಾರ್ಸಿಲೋನಾ ಡೆನ್ಮಾರ್ಕಿನ ಆಲ್ಬೋರ್ ತಂಡವನ್ನು 31–30ರಿಂದ ಗೆದ್ದು ಹನ್ನೆರಡನೇ ಕಪ್ ಪಡೆಯಿತು. 2025ರ ಜೂನ್‌ನಲ್ಲಿ ಮ್ಯಾಗ್ಡೆಬುರ್ಗ್ ಬರ್ಲಿನ್‌ನ ಫ್ಯೂಕ್ಸೆಯನ್ನು 32–26ರಿಂದ ಸೋಲಿಸಿ ಐದನೇ ಕಪ್‌ನೊಂದಿಗೆ ಗುಮ್ಮರ್ಸ್‌ಬಾಖ್‌ನ ಸಾಲಿಗೆ ಬಂತು. ಅದರ ತರಬೇತುದಾರ ಬೆನ್ನೆಟ್ ವೀಗರ್ಟ್ 2002ರಲ್ಲಿ ಗೆದ್ದ ತಂಡದ ಆಟಗಾರ.

ಕೊಲೋನ್‌ನ ವಾರಾಂತ್ಯ ಆಟದ ಜಾತ್ರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡು ತಂಡಗಳಲ್ಲಿ ಉತ್ತಮವಾದುದು ಯಾವುದೆಂದು ಸರಿಯಾಗಿ ಅಳೆಯುವುದು ಇಂದಿಗೂ ಅದಕ್ಕೆ ಮುಂಚಿನ ಕ್ವಾರ್ಟರ್‌ಫೈನಲ್. ಎರಡು ಊರು, ಎರಡು ಪಂದ್ಯ, ನೂರಿಪ್ಪತ್ತು ನಿಮಿಷಗಳ ಹಳೆಯ ಲೆಕ್ಕ ಈಗ ಉಳಿದಿರುವುದು ಪ್ಲೇಆಫ್ ಮತ್ತು ಆ ಸುತ್ತಿನಲ್ಲಿ ಮಾತ್ರ.