ಕಸ್ಟರ್ಡ್ ಫ್ಯಾಕ್ಟರಿ, ಡಿಗ್ಬೆತ್, ಬರ್ಮಿಂಗ್‌ಹ್ಯಾಮ್

ಮೊಟ್ಟೆ ಒಗ್ಗದ ಹೆಂಡತಿಗಾಗಿ ಔಷಧ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್ 1837ರಲ್ಲಿ ಮೆಕ್ಕೆಜೋಳದ ನುಣ್ಣನೆಯ ಹಿಟ್ಟಿನಿಂದ ಕಸ್ಟರ್ಡ್ ಪುಡಿ ಮಾಡಿದರು. ಮುಂದೆ ಆ ಪುಡಿಗೆ ಬಂದ ಬೇಡಿಕೆಯೇ ಈ ಕಾರ್ಖಾನೆಯನ್ನು ಬೆಳೆಸಿತು. 1964ರಲ್ಲಿ ಉತ್ಪಾದನೆ ಬ್ಯಾನ್‌ಬರಿ ಪಟ್ಟಣಕ್ಕೆ ಹೋಯಿತು, ಕಟ್ಟಡಗಳು ಸೊರಗಿದವು.

1990ರ ದಶಕದಲ್ಲಿ ಕಟ್ಟಡ ಅಭಿವೃದ್ಧಿಕಾರ ಬೆನ್ನಿ ಗ್ರೇ ಇವನ್ನು ಕೆಡವದೆ, ಒಳಗೆ ಸಣ್ಣ ಸಣ್ಣ ಸ್ಟುಡಿಯೋಗಳನ್ನು ಮಾಡಿ ಕಲಾವಿದರು, ವಿನ್ಯಾಸಕಾರರು, ಹೊಸ ಉದ್ಯಮಿಗಳಿಗೆ ಬಾಡಿಗೆಗೆ ಕೊಟ್ಟರು. ಆಗಷ್ಟೇ ಕೆಲಸ ಶುರುಮಾಡಿದವರಿಗೆ ಥಳುಕಿನ ಕಚೇರಿ ಬೇಕಿಲ್ಲ. ಕೈಗೆಟಕುವ ಬಾಡಿಗೆ, ಪಕ್ಕದ ಬಾಗಿಲಲ್ಲೇ ಸಿಗುವ ಜೊತೆಗಾರರು ಸಾಕು. ಈ ಜಾಗದ ನಿಜವಾದ ಹೆಚ್ಚುಗಾರಿಕೆ ಇದೇ.

ತಲೆಯೆತ್ತಿ ನೋಡಿ: ಸುಮಾರು 12 ಮೀಟರ್ ಎತ್ತರದ ‘ಗ್ರೀನ್ ಮ್ಯಾನ್’ ಶಿಲ್ಪ. ಶಿಲ್ಪಿ ಟಾನಿ ಗ್ರೇ. ಕಲ್ಲಿನ ಮೈಯಲ್ಲಿ ನೆಟ್ಟಿರುವುದು ಜೀವಂತ ಗಿಡಗಳನ್ನೇ.