ದಬ್ಬೆ: ಮೇದರ ಕತ್ತಿಯಿಂದ ಮೂಳೆ ಕಟ್ಟುವವರ ಕೈಗೆ

ಮುರಿದ ಕೈಕಾಲು ಅಲುಗದಂತೆ ಆನಿಸಿ ಕಟ್ಟುವ ಸಾಧನಕ್ಕೆ ಕನ್ನಡದಲ್ಲಿ ದಬ್ಬೆ ಎಂಬ ಹೆಸರಿದೆ. ಪ್ರಥಮ ಚಿಕಿತ್ಸೆಯನ್ನು ಕನ್ನಡದಲ್ಲಿ ಕಲಿಸುವವರು ಇಂಗ್ಲಿಷಿನ ಸ್ಪ್ಲಿಂಟ್‌ಗೆ ಇದೇ ಪದವನ್ನು ಬಳಸುತ್ತಾರೆ. ಆದ್ದರಿಂದ ಇದು ವೈದ್ಯರು ಕಟ್ಟಿದ ಮಾತೆಂಬ ಭಾವನೆ ಸಹಜ. ಕೊಳ್ಳೇಗಾಲ, ಹನೂರು, ಯಳಂದೂರಿನ ಬಿದಿರು ಸೀಮೆಯಲ್ಲಿ ನಿಂತು ನೋಡಿದರೆ ಪದದ ಹಾದಿಯೇ ಬೇರೆ. ಅದು ಹುಟ್ಟಿದ್ದು ವೈದ್ಯರ ಮನೆಯಲ್ಲಲ್ಲ, ಬಿದಿರು ಸೀಳುವವರ ಅಂಗಳದಲ್ಲಿ ಎಂಬುದು ನನ್ನ ವಾದ.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ದಬ್ಬೆಗೆ ಕೊಡುವುದು ಬಿದಿರಿನ ಸೀಳು ಎಂಬ ಅರ್ಥವನ್ನು. ತಟ್ಟಿಗೆ, ತಡಿಕೆಗೆ, ಬೇಲಿಗೆ, ಸೂರಿಗೆ ಬೇಕಾಗುವ ಸೀಳು ಅದು. ಅಡಕೆ ಸೀಮೆಯಲ್ಲಿ ಅಡಕೆ ಮರವನ್ನು ಸೀಳಿದರೆ ಅದೂ ದಬ್ಬೆಯೇ. ಕಟ್ಟು ಎಂಬ ಕ್ರಿಯಾಪದ ಜೊತೆಗೂಡಿದಾಗ ಮಾತ್ರ ಅದು ಚಿಕಿತ್ಸೆಯಾಗುತ್ತದೆ. ಇಲ್ಲಿ ವ್ಯಾಕರಣದ ಒಂದು ಸೂಕ್ಷ್ಮವಿದೆ. "ನಾಲ್ಕು ದಬ್ಬೆ ಸೀಳು" ಎಂದಾಗ ದಬ್ಬೆ ಎಣಿಕೆಗೆ ಸಿಗುವ ವಸ್ತು. "ಕಾಲಿಗೆ ದಬ್ಬೆ ಕಟ್ಟವ್ರೆ" ಎಂದಾಗ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಮುರಿದ ಕಾಲಿನ ಸುತ್ತ ಮೂರೋ ನಾಲ್ಕೋ ಸೀಳುಗಳಿದ್ದರೂ ಮಾತಿನಲ್ಲಿ ಬಹುವಚನ ಬರುವುದಿಲ್ಲ. ಎಣಿಕೆ ಕಳಚಿಕೊಂಡ ಕಡೆ ವಸ್ತುವಿನ ಹೆಸರು ಕೆಲಸದ ಹೆಸರಾಗಿದೆ.

ಈ ಮೂರು ತಾಲ್ಲೂಕುಗಳನ್ನು ಆರಿಸಿಕೊಂಡದ್ದಕ್ಕೆ ಕಾರಣಗಳು ಎರಡು. ಮೊದಲನೆಯದು ಕಾಡು. ಯಳಂದೂರಿನ ತಲೆಯ ಮೇಲೆ ಬಿಳಿಗಿರಿರಂಗನ ಬೆಟ್ಟ, ಹನೂರಿನ ಆಚೆಗೆ ಮಲೆ ಮಹದೇಶ್ವರ ಬೆಟ್ಟ. ಎರಡರ ಕಾಡಿನಲ್ಲೂ ಹೆಬ್ಬಿದಿರು, ಕಿರುಬಿದಿರು ಬೆಳೆಯುತ್ತವೆ. ಕಿರುಬಿದಿರು ಬಹುಪಾಲು ಒಳಗೆ ಗಟ್ಟಿ, ಹೆಬ್ಬಿದಿರು ಪೊಳ್ಳು. ಪೊಳ್ಳು ಗಳವನ್ನು ಸೀಳಿದಾಗ ಪ್ರತಿ ಸೀಳಿನ ಒಳಮೈಯಲ್ಲೂ ಸಣ್ಣ ಬಾಗು ಉಳಿಯುತ್ತದೆ. ತೋಳಿನ ಗುಂಡಗೆ ಅದು ಹೊಂದಿಕೊಂಡು ಕೂರುತ್ತದೆ. ಬಿದಿರಿನ ನಾರು ಹೊರಸಿಪ್ಪೆಯ ಕಡೆಗೆ ದಟ್ಟವಾಗಿರುವುದರಿಂದ ತೆಳ್ಳಗೆ ಸೀಳಿದರೂ ಬಲ ಉಳಿಯುತ್ತದೆ, ತೂಕ ಮಾತ್ರ ಕಡಿಮೆ. ಗಿಣ್ಣು ಹೆರೆದು, ಅಂಚು ನಯಮಾಡಿ, ಮೈಗೆ ಒತ್ತದಂತೆ ಹಳೆಯ ಬಟ್ಟೆಯನ್ನೋ ಹತ್ತಿಯನ್ನೋ ಇಟ್ಟರೆ ಸಾಕು. ಬುಟ್ಟಿ ಹೆಣೆಯುವ ಮೇದರಿಗೆ ಈ ಕೈಚಳಕವೆಲ್ಲ ನಿತ್ಯದ ಕೆಲಸ. ಮೂಳೆ ಕಟ್ಟುವವರು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿರಲಿಲ್ಲ. ಕಣ್ಣೆದುರು ಇದ್ದದ್ದನ್ನು ಗಾಯಕ್ಕೆ ತಂದರು.

ಎರಡನೆಯ ಕಾರಣ ಗಡಿ. ಯಳಂದೂರು ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಕೊಳ್ಳೇಗಾಲ ಮಾತ್ರ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಚೆಗೆ ತಾಲ್ಲೂಕಾದ ಹನೂರು ಆಗ ಅದರೊಳಗೇ ಇತ್ತು. ಮೂಳೆ ಮುರಿದಾಗ ಕಟ್ಟುವ ಬಿದಿರ ಸೀಳಿಗೆ ತಮಿಳಿನಲ್ಲಿ ತಪ್ಪೈ ಎನ್ನುತ್ತಾರೆ. ತೆಲುಗಿನಲ್ಲಿ ಬಿದಿರಿನ ಸೀಳು ದಬ್ಬ. ಹಾಗಾದರೆ ದಬ್ಬೆ ತಮಿಳಿನಿಂದ ಬಂದ ಎರವಲೇ? ಅಲ್ಲ ಎನ್ನಲು ಧ್ವನಿಯ ಹೊಂದಿಕೆಯೇ ಆಧಾರ. ತಮಿಳಿನ ಐಕಾರಾಂತಕ್ಕೆ ಕನ್ನಡದ ಎಕಾರಾಂತ ಎದುರಾಗುವುದು ನಿಯಮ: ತಲೈ–ತಲೆ, ಮನೈ–ಮನೆ, ಮಲೆ ಮಹದೇಶ್ವರ ಬೆಟ್ಟದ ಹೆಸರಿನಲ್ಲೇ ಇರುವ ಮಲೆ ತಮಿಳಿನ ಮಲೈ. ತಮಿಳಿನಲ್ಲಿ ಒತ್ತಕ್ಷರವಾಗಿ ಬರುವ ಪಕಾರ ಕರ್ಕಶವಾಗಿಯೇ ಉಳಿಯುವುದರಿಂದ ಬ್ಬ ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ಮೂರು ಭಾಷೆಗಳೂ ಒಂದೇ ಬೇರಿನಿಂದ ಪಡೆದುಕೊಂಡ ಮಾತು ಇದು ಎನ್ನುವುದು ಎರವಲಿನ ಊಹೆಗಿಂತ ಗಟ್ಟಿ ಎಂದು ನನಗೆ ತೋರುತ್ತದೆ. ಈ ತಾಲ್ಲೂಕುಗಳಿರುವ ಚಾಮರಾಜನಗರ ಸೀಮೆಯ ಆಡುಮಾತಿನಲ್ಲಿ ಪದದ ಕೊನೆಯ ಎಕಾರ ಅಕಾರಕ್ಕೆ ತಿರುಗುವುದುಂಟು, ಮನೆ ಮನ ಆಗುವ ಹಾಗೆ. ಆ ಬಾಯಿಯಲ್ಲಿ ದಬ್ಬೆಯೂ ದಬ್ಬ. ತೆಲುಗಿನ ರೂಪಕ್ಕೆ ಅದು ಹತ್ತಿರ ಬಂದಂತೆ ಕಂಡರೂ ಆ ಹೋಲಿಕೆ ಆಕಸ್ಮಿಕ.

ಶಾಸ್ತ್ರಗ್ರಂಥದ ಮಾತಿಗೆ ಬಂದರೆ, ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯ ಮೂಳೆ ಮುರಿತಕ್ಕೇ ಮೀಸಲು. ಅಲ್ಲಿ ದಬ್ಬೆಗೆ ಕುಶ ಎಂದು ಹೆಸರು. ಇಪ್ಪೆ, ಅತ್ತಿ, ಅರಳಿ, ಮುತ್ತುಗ, ಮತ್ತಿ, ಆಲ ಮುಂತಾದ ಮರಗಳ ಜೊತೆಗೆ ಬಿದಿರನ್ನೂ ಕುಶಕ್ಕೆ ಆರಿಸಿಕೊಳ್ಳಬೇಕೆಂದು ಗ್ರಂಥ ಹೇಳುತ್ತದೆ. ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟುವ ಅವಧಿ ಚಳಿಗಾಲದಲ್ಲಿ ಏಳು ದಿನ, ಹದವಾದ ಕಾಲದಲ್ಲಿ ಐದು, ಬೇಸಿಗೆಯಲ್ಲಿ ಮೂರು. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಅದು ಕೊಡುವ ಎಚ್ಚರಿಕೆ: ಸಡಿಲವಾಗಿ ಕಟ್ಟಿದರೆ ಕೀಲು ನೆಲೆ ನಿಲ್ಲದು, ಬಿಗಿಯಾಗಿ ಕಟ್ಟಿದರೆ ಬಾವು, ನೋವು, ಕೀವು.

ಇಂಗ್ಲಿಷಿನ ಸ್ಪ್ಲಿಂಟ್ ನಡೆದ ಹಾದಿಯೂ ಇದೇ. ಕವಚಕ್ಕೆ ಜೋಡಿಸುವ ಲೋಹದ ತೆಳುಪಟ್ಟಿ, ಬುಟ್ಟಿ ಹೆಣೆಯುವ ಮರದ ಸೀಳು, ಇವೆಲ್ಲಕ್ಕೂ ಅಲ್ಲಿ ಅದೇ ಹೆಸರು. ತೊಡೆಮೂಳೆ ಮುರಿತಕ್ಕೆ ಇಂದಿಗೂ ಬಳಸುವ ಥಾಮಸ್ ಸ್ಪ್ಲಿಂಟ್‌ನ ಕರ್ತೃ, ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್, ತಲೆಮಾರುಗಳಿಂದ ಮೂಳೆ ಕಟ್ಟುತ್ತಿದ್ದ ವೇಲ್ಸ್‌ನ ಮನೆತನದವರು. ಅವರ ತಂದೆ ವೈದ್ಯ ಪದವಿಯಿಲ್ಲದೆ ಅದೇ ಕೆಲಸ ಮಾಡಿದವರು. ಮೊದಲ ಮಹಾಯುದ್ಧದಲ್ಲಿ ಆ ಸಾಧನ ಅಸಂಖ್ಯ ಸೈನಿಕರನ್ನು ಬದುಕಿಸಿತು. ನಾಟಿ ಮೂಳೆವೈದ್ಯವನ್ನು ಬರಿಯ ಮೂಢನಂಬಿಕೆ ಎಂದು ತಳ್ಳುವವರು ಈ ವಂಶಾವಳಿಯನ್ನು ನೆನೆಯಬೇಕು.

ಹಾಗೆಂದು ಅದರ ಅಪಾಯವನ್ನು ಮರೆಮಾಚಿದರೆ ಅದು ಸಂಶೋಧನೆಯಾಗುವುದಿಲ್ಲ. ಮುರಿದ ಜಾಗ ಮೊದಲ ದಿನಗಳಲ್ಲಿ ಊದುತ್ತದೆ. ಆಗ ದಬ್ಬೆ ಬಿಗಿಯಾಗಿದ್ದರೆ ರಕ್ತ ಹರಿಯುವುದು ನಿಂತು ಸ್ನಾಯು ಸಾಯುತ್ತದೆ, ಬೆರಳು ಕೊಕ್ಕೆಯಂತೆ ಮಡಚಿಕೊಳ್ಳುತ್ತದೆ. ಜರ್ಮನಿಯ ಫೋಲ್ಕ್‌ಮನ್ 1881ರಲ್ಲಿ ವಿವರಿಸಿದ್ದು ಈ ಊನವನ್ನೇ. ಬಿಗಿ ಕಟ್ಟಿನಿಂದ ಕೊಳೆತ ಕೈಕಾಲುಗಳನ್ನು ಕತ್ತರಿಸಬೇಕಾದ ಪ್ರಕರಣಗಳು ನಮ್ಮ ದೇಶದಲ್ಲಿ ದಾಖಲಾಗಿವೆ. ಬೆರಳ ತುದಿ ಬಿಳುಪಾದರೆ, ತಣ್ಣಗಾದರೆ, ಜುಮುಗುಟ್ಟಿದರೆ ಕಟ್ಟನ್ನು ಕೂಡಲೇ ಸಡಿಲಿಸಿ ಆಸ್ಪತ್ರೆಗೆ ಹೋಗಬೇಕು.

ಪದದ ಮುಂದಿನ ನಡೆ ಇನ್ನೂ ಕುತೂಹಲದ್ದು. ಪ್ರಥಮ ಚಿಕಿತ್ಸೆಯ ಪಾಠದಲ್ಲಿ ದಬ್ಬೆ ಬಿದಿರನ್ನು ಬಿಟ್ಟು ಹೊರಟಿದೆ. ಮರದ ಹಲಗೆ, ಕೊಡೆ, ಸುರುಳಿ ಸುತ್ತಿದ ದಿನಪತ್ರಿಕೆ, ಮುರಿತದ ಮೇಲಿನ ಮತ್ತು ಕೆಳಗಿನ ಕೀಲುಗಳೆರಡನ್ನೂ ಹಿಡಿದು ನಿಲ್ಲಿಸಬಲ್ಲ ಯಾವುದೇ ಆದರೂ ದಬ್ಬೆಯೇ. ಆಸ್ಪತ್ರೆಯಲ್ಲಿ ಜಿಪ್ಸಮ್ ಪುಡಿಯ ಪಟ್ಟಿ ಬಂದ ಮೇಲೆ ತಮಿಳರು ಅದಕ್ಕೆ ಮಾವು ಕಟ್ಟು, ಎಂದರೆ ಹಿಟ್ಟಿನ ಕಟ್ಟು, ಎಂದು ತಮ್ಮದೇ ಹೆಸರಿಟ್ಟುಕೊಂಡರು; ನಾವು ಪ್ಲಾಸ್ಟರ್ ಎಂದೆವು. ಆಂಧ್ರದ ಪುತ್ತೂರಿನ ಹೆಸರು ಹೊತ್ತ "ಪುತ್ತೂರು ಕಟ್ಟು" ಫಲಕಗಳು ಈಗ ಕನ್ನಡನಾಡಿನಲ್ಲೂ ಕಾಣುತ್ತವೆ. ಅವುಗಳಲ್ಲಿ ಉಳಿದಿರುವುದು ಕಟ್ಟು ಮಾತ್ರ, ದಬ್ಬೆ ಎಂಬ ಮಾತಿಲ್ಲ.

ಬಿದಿರೂ ಮೊದಲಿನಷ್ಟು ಸಲೀಸಾಗಿ ಕೈಗೆಟಕುವುದಿಲ್ಲ. 1927ರ ಅರಣ್ಯ ಕಾಯ್ದೆ ಬಿದಿರನ್ನು ಮರವೆಂದು ಎಣಿಸಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಅದನ್ನು ಕಿರು ಅರಣ್ಯ ಉತ್ಪನ್ನವೆಂದು ಗುರುತಿಸಿತು. 2017ರ ತಿದ್ದುಪಡಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರಗಳ ಪಟ್ಟಿಯಿಂದ ತೆಗೆಯಿತು. ಆದರೂ ಹಟ್ಟಿಯಲ್ಲಿ ಆಡಿನ ಮರಿ ಮುಂಗಾಲು ಮುರಿದುಕೊಂಡರೆ ಯಾರೂ ಪೇಟೆಗೆ ಓಡುವುದಿಲ್ಲ. ಬೇಲಿಯಿಂದಲೋ ಹಳೆಯ ಬುಟ್ಟಿಯಿಂದಲೋ ಒಂದು ಸೀಳು ಕಿತ್ತು, ಹರಕು ಬಟ್ಟೆ ಸುತ್ತಿ, ದಬ್ಬೆ ಕಟ್ಟುತ್ತಾರೆ.